ಕುಂಡದ ಚೂರು ಮತ್ತು ನನ್ನ ಗಡೀಪಾರು

ಪ್ರಜಾಪ್ರಭುತ್ವ ಬೇರೆಯವರ ಮನೆಯಲ್ಲಿದ್ದರೆ ಬಹಳ ಚೆಂದ. ದೂರದಿಂದ ನೋಡಿ ಭೇಷ್ ಎನ್ನಬಹುದು, ಸೋಫಾದ ಮೇಲೆ ಒರಗಿಕೊಂಡು ಅದರ ಪರವಾಗಿ ಗಂಟೆಗಟ್ಟಲೆ ಮಾತಾಡಬಹುದು. ಅದು ನಮ್ಮ ಮನೆಯೊಳಕ್ಕೇ ಬಂದು, ಊಟದ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಾಗಲೇ ಅದರ ನಿಜವಾದ ಗುಣ ಗೊತ್ತಾಗುವುದು. ನಾನು ಮೈಸೂರಿನಲ್ಲಿದ್ದಾಗ ಬಿಸಿಲಲ್ಲಿ ಸಾಲು ನಿಂತು ಓಟು ಹಾಕಿದವನು. ಅಮೆರಿಕಕ್ಕೆ ಬಂದ ಮೇಲೆ ಗ್ರೀನ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ಬೇರೆಯವರು ಓಟು ಹಾಕುವುದನ್ನು ಟೀವಿಯಲ್ಲಿ ನೋಡಿ, ಯಾರೂ ಕೇಳದಿದ್ದರೂ ಅಭಿಪ್ರಾಯ ಕೊಟ್ಟವನು. ಇಷ್ಟು ಅನುಭವವಿದ್ದೂ, ಎರಡೂವರೆ ಸಾವಿರ ವರ್ಷಗಳ ಹಿಂದಿನ ಅಥೆನ್ಸ್ ಪಟ್ಟಣದ ಕಾನೂನೊಂದು ನ್ಯೂಜೆರ್ಸಿಯ ನನ್ನ ಮನೆಗೆ ಬಂದು, ನನ್ನನ್ನೇ ಹೊಸಿಲು ದಾಟಿಸಿ ಆಚೆ ಕಳಿಸುತ್ತದೆಂದು ನನಗೆ ಹೊಳೆದಿರಲಿಲ್ಲ. ಈಗ ಆ ಗ್ರೀಕರು ಎದುರಿಗೆ ಸಿಕ್ಕರೆ ಕೈ ಮುಗಿಯುತ್ತೇನೆ. ಆಗ ಸಿಕ್ಕಿದ್ದರೆ ಮಾತೇ ಬೇರೆ ಇತ್ತು.

ಮೊದಲು ನನ್ನ ಕಾಯಿಲೆಯ ವಿಷಯ ಹೇಳಿಬಿಡಬೇಕು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಐಸೆಲಿನ್ನಿನ ಓಕ್ ಟ್ರೀ ರೋಡಿನಲ್ಲಿ ಇಂಡಿಯನ್ ಅಂಗಡಿಗಳು ಒಂದೊಂದಾಗಿ ತಲೆಯೆತ್ತುತ್ತಿದ್ದವು. ನಾವು ಶನಿವಾರ ಮಧ್ಯಾಹ್ನ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ ಬೇಳೆ, ಕರಿಬೇವು, ಹುಣಸೆಹಣ್ಣು ತರುತ್ತಿದ್ದೆವು. ಅಲ್ಲಿ ಗುಜರಾತಿ ಕೇಳುತ್ತಿತ್ತು, ಪಂಜಾಬಿ ಕೇಳುತ್ತಿತ್ತು, ಕನ್ನಡ ಮಾತ್ರ ಅಪರೂಪ. ಬದನೆಕಾಯಿಯ ರಾಶಿಯ ಆಚೆ ಬದಿಯಿಂದ ಯಾರೋ ‘ಇದು ಬಲಿತುಹೋಗಿದೆ ಕಣೇ’ ಎಂದರೆ ಸಾಕು, ನನ್ನ ಕಾಲು ತಾನಾಗಿಯೇ ಆ ಕಡೆ ನಡೆಯುತ್ತಿತ್ತು. ಹೆಸರು, ಊರು ಕೇಳುವ ಮೊದಲೇ ‘ನಾಳೆ ಭಾನುವಾರ ಊಟಕ್ಕೆ ನಮ್ಮ ಮನೆಗೇ ಬಂದುಬಿಡಿ’ ಎಂಬ ಮಾತು ಹೊರಬಿದ್ದಿರುತ್ತಿತ್ತು. ಧಾರವಾಡದ ಕಡೆಯ ಕುಲಕರ್ಣಿ ಎಂಬ ಎಂಜಿನಿಯರು ಒಮ್ಮೆ ಹೀಗೆಯೇ ನನ್ನ ಕೈಗೆ ಸಿಕ್ಕಿದಾಗ ಗಾಬರಿಯಾಗಿ, ‘ಅಲ್ರೀ, ಗುರ್ತಿಲ್ಲ, ಪರಿಚಯಿಲ್ಲ, ಊಟಕ್ಕ ಕರೀಲಿಕ್ಕತ್ತೀರಲ್ಲ, ನಾ ಕಳ್ಳ ಇದ್ರ ಏನ್ ಮಾಡ್ತೀರಿ?’ ಎಂದು ಕೇಳಿದ್ದರು. ‘ಕನ್ನಡದ ಕಳ್ಳರು ತಾನೇ, ಬನ್ನಿ’ ಎಂದಿದ್ದೆ. ಮರುದಿನ ಅವರು ಹೆಂಡತಿಯನ್ನೂ ಕರೆದುಕೊಂಡು ಬಂದರು. ಕದ್ದದ್ದೇನೂ ಇಲ್ಲ, ಹೋಳಿಗೆ ಮಾತ್ರ ಚೆನ್ನಾಗಿ ತಿಂದರು.

ಹೀಗೆ ಕರೆಯುವುದು ನನ್ನ ಕೆಲಸ. ಅಡಿಗೆ ಮಾಡುವುದು ನನ್ನ ಹೆಂಡತಿ ಸುಮಿತ್ರಳ ಕೆಲಸ. ಊಟವಾದ ಮೇಲೆ ಅತಿಥಿಗಳನ್ನು ಸೋಫಾದ ಮೇಲೆ ಕೂರಿಸಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, ಲೋಕದ ಸಮಸ್ತ ವಿಷಯಗಳ ಬಗ್ಗೆ ಮಾತಾಡುವುದು ಮತ್ತೆ ನನ್ನ ಕೆಲಸ. ಕೆಲಸಗಳನ್ನು ಹಂಚಿಕೊಂಡು ಮಾಡುವ ಆಧುನಿಕ ದಂಪತಿ ನಾವು ಎಂದೇ ನಾನು ತಿಳಿದಿದ್ದೆ. ಸುಮಿತ್ರ ಆಗ ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಬೆಳಗಾಗುವ ಮೊದಲೇ ಎದ್ದು, ಟ್ರೇನು ಹಿಡಿದು, ಆಮೇಲೆ ಸಬ್‌ವೇ ಹಿಡಿದು ಹೋಗಿ ಬರುತ್ತಿದ್ದಳು. ನನ್ನ ಆಫೀಸು ನಮ್ಮೂರು ಮಾರಿಸ್‌ಟೌನಿನಲ್ಲೇ ಇದ್ದುದರಿಂದ ನನಗೆ ಕಮ್ಯೂಟ್ ಎಂದರೇನೆಂದು ಗೊತ್ತಿರಲಿಲ್ಲ. ಭಾನುವಾರ ಅವಳ ಮುಖ ಸ್ವಲ್ಪ ಸಪ್ಪಗಿರುತ್ತಿದ್ದುದನ್ನು ನಾನು ನೋಡಿದ್ದೆ. ಅಮೆರಿಕದ ಹವೆ ಅವಳಿಗೆ ಒಗ್ಗಿಲ್ಲವೇನೋ ಅಂದುಕೊಂಡಿದ್ದೆ.

ಆ ವರ್ಷ ಚಳಿಗಾಲದಲ್ಲಿ ನಮ್ಮಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. ಅದೇ ಹೊತ್ತಿಗೆ ಸರಿಯಾಗಿ ಮಗಳು ಅನುವಿನ ಸ್ಕೂಲಿನಲ್ಲಿ ಪ್ರಾಚೀನ ಗ್ರೀಸಿನ ಪಾಠ ಶುರುವಾಯಿತು. ಅವಳ ಟೀಚರಮ್ಮ ಬಲು ಉತ್ಸಾಹಿ. ಗ್ರೀಕರ ಯಾವುದಾದರೂ ಒಂದು ಪದ್ಧತಿಯನ್ನು ಮನೆಯಲ್ಲಿ ನಡೆಸಿ ನೋಡಿ, ಏನಾಯಿತೆಂದು ಕ್ಲಾಸಿನಲ್ಲಿ ಬಂದು ಹೇಳಬೇಕೆಂದು ಹುಡುಗರಿಗೆ ಅಪ್ಪಣೆ ಮಾಡಿದರಂತೆ. ನಾನು ನಾಟಕ ಆಡೋಣ ಎಂದೆ, ಓಟದ ಪಂದ್ಯ ಇಡೋಣ ಎಂದೆ. ಅನುವಿಗೆ ಅದ್ಯಾವುದೂ ಹಿಡಿಸಲಿಲ್ಲ. ‘ಅಪ್ಪಾ, ವಿ ಆರ್ ಡೂಯಿಂಗ್ ಡೆಮಾಕ್ರಸಿ’ ಎಂದು ಘೋಷಿಸಿದಳು. ಅಥೆನ್ಸಿನ ಜನ ವರ್ಷಕ್ಕೊಮ್ಮೆ ಸೇರಿ, ಪಟ್ಟಣದಲ್ಲಿ ಯಾರ ಹಾವಳಿ ಜಾಸ್ತಿಯಾಗಿದೆಯೋ ಅವರ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರಂತೆ. ಯಾರ ಹೆಸರು ಹೆಚ್ಚು ಬಂತೋ ಅವರು ಹತ್ತು ವರ್ಷ ಊರು ಬಿಟ್ಟು ಹೋಗಬೇಕು. ಆಸ್ತಿ ಕಿತ್ತುಕೊಳ್ಳುವುದಿಲ್ಲ, ಅವಮಾನ ಮಾಡುವುದಿಲ್ಲ, ಹತ್ತು ವರ್ಷ ಕಣ್ಣ ಮುಂದೆ ಇರಬಾರದು, ಅಷ್ಟೆ. ‘ಭಲೇ, ಎಂಥಾ ಸಭ್ಯರು!’ ಎಂದು ನಾನು ತಲೆದೂಗಿದೆ. ಹೋಗಬೇಕಾದವನು ತಾನಲ್ಲ ಎಂದುಕೊಂಡವರೆಲ್ಲ ಹೀಗೆಯೇ ತಲೆದೂಗುತ್ತಾರೆ.

ಓಟು ಯಾರಿಗಿದೆ ಎಂಬ ಪ್ರಶ್ನೆ ಬಂತು. ಅಥೆನ್ಸಿನಲ್ಲಿ ಹೆಂಗಸರಿಗೆ ಓಟಿರಲಿಲ್ಲ, ಮಕ್ಕಳಿಗೆ ಇರಲಿಲ್ಲ ಎಂದು ಅನು ಪುಸ್ತಕ ನೋಡಿ ಹೇಳಿದಳು. ಆ ಲೆಕ್ಕದಲ್ಲಿ ಇಡೀ ಮನೆಗೆ ನಾನೊಬ್ಬನೇ ಮತದಾರ. ಇಷ್ಟು ವಿವೇಕವುಳ್ಳ ಸಂವಿಧಾನವನ್ನು ನಾನು ಎಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಅನು ಪುಟ ತಿರುಗಿಸಿದಳು. ಬೇರೆ ಊರಿನಿಂದ ಬಂದು ನೆಲೆಸಿದವರು ಅಲ್ಲಿ ಎಷ್ಟು ವರ್ಷ ದುಡಿದರೂ, ತೆರಿಗೆ ಕಟ್ಟಿದರೂ ಓಟು ಹಾಕುವಂತಿರಲಿಲ್ಲವಂತೆ. ‘ದಟ್ಸ್ ಯು, ಅಪ್ಪಾ. ಗ್ರೀನ್ ಕಾರ್ಡ್!’ ಎಂದಳು. ಅಮ್ಮ ವಿಸಿಟರ್ ವೀಸಾದ ಮೇಲೆ ಬಂದವರು, ಸುಮಿತ್ರ ನನ್ನ ಹಾಗೆಯೇ ಗ್ರೀನ್ ಕಾರ್ಡಿನವಳು. ಮನೆಯಲ್ಲಿ ಈ ದೇಶದ ಪ್ರಜೆ ಎಂದರೆ ಇಲ್ಲೇ ಹುಟ್ಟಿದ ಅನು ಒಬ್ಬಳೇ. ಅವಳು ಹೆಣ್ಣು, ಅದರ ಮೇಲೆ ಮಗು. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಓಟು ಹಾಕುವ ಯೋಗ್ಯತೆ ಯಾರಿಗೂ ಇರಲಿಲ್ಲ. ಕೊನೆಗೆ ಸುಮಿತ್ರ, ‘ಹಾಗಾದ್ರೆ ಎಲ್ರೂ ಹಾಕೋಣ ಬಿಡಿ’ ಎಂದು ಒಂದೇ ಮಾತಿನಲ್ಲಿ ಗ್ರೀಕರನ್ನು ತಿದ್ದಿದಳು.

ಮತದಾನಕ್ಕೆ ಮೊದಲು ಭಾಷಣ. ಗ್ರೀಕರು ವಾದಿಸುವವರ ಮುಂದೆ ಒಂದು ತೂತಿನ ಪಾತ್ರೆಯಲ್ಲಿ ನೀರು ತುಂಬಿಟ್ಟು, ಅದು ಸೋರಿ ಮುಗಿಯುವವರೆಗೆ ಮಾತ್ರ ಮಾತಾಡಲು ಬಿಡುತ್ತಿದ್ದರಂತೆ. ಅಂಥ ಪಾತ್ರೆಗೆ ಎಲ್ಲಿ ಹೋಗುವುದು ಎಂದು ನಾವು ಯೋಚಿಸುತ್ತಿರುವಾಗ ಅಮ್ಮ ಎದ್ದು ಹೋಗಿ ಕಾಫಿ ಫಿಲ್ಟರು ತಂದಿಟ್ಟರು. ಮೇಲಿನ ಬಟ್ಟಲಿಗೆ ಕುದಿನೀರು ಹಾಕುವುದು, ಡಿಕಾಕ್ಷನ್ ಇಳಿಯುವವರೆಗೆ ಒಬ್ಬರ ಸರದಿ. ಇದಕ್ಕಿಂತ ಒಳ್ಳೆಯ ಗಡಿಯಾರ ಅಥೆನ್ಸಿನಲ್ಲೂ ಇದ್ದಿರಲಾರದು, ಅಲ್ಲಿ ಸೋರಿದ ನೀರನ್ನು ಕುಡಿಯಲಾದರೂ ಆಗುತ್ತಿತ್ತೇ?

ನನ್ನ ಸರದಿಯಲ್ಲಿ ನಾನು ಅತಿಥಿಗಳ ಬಗ್ಗೆ ಮಾತಾಡಿದೆ. ಯಾಕೆ ಆ ವಿಷಯವೇ ಬಂತೋ ತಿಳಿಯದು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅತಿಥಿಯನ್ನು ದೇವರೆಂದು ನೋಡುವ ಸಂಸ್ಕೃತಿ ನಮ್ಮದು ಎಂದೆ. ಗ್ರೀಕರಲ್ಲೂ ಅದೇ ಇತ್ತು, ಬಾಗಿಲಿಗೆ ಬಂದ ಅಪರಿಚಿತನಿಗೆ ಮೊದಲು ಊಟ ಹಾಕಿ ಆಮೇಲೆ ಹೆಸರು ಕೇಳುತ್ತಿದ್ದರು, ಅವರ ದೇವತೆಗಳ ರಾಜನೇ ಅತಿಥಿಗಳನ್ನು ಕಾಯುವವನು ಎಂದು ಅನುವಿನ ಪುಸ್ತಕದಿಂದಲೇ ಆಧಾರ ಕೊಟ್ಟೆ. ಸುಮಿತ್ರ ತಣ್ಣಗೆ, ‘ಆ ದೇವರು ಪಾತ್ರೆ ತೊಳೀತಿದ್ನಂತಾ, ಸ್ವಲ್ಪ ನೋಡೇ ಅನು’ ಎಂದಳು. ಅನು ಹುಡುಕಿ, ಪುಸ್ತಕದಲ್ಲಿ ಇಲ್ಲ ಎಂದಳು. ಅಮ್ಮ ಕಾಫಿಪುಡಿಯನ್ನು ಗಟ್ಟಿಯಾಗಿ ಒತ್ತಿ ಹಾಕಿದ್ದರಿಂದ ಡಿಕಾಕ್ಷನ್ ನಿಧಾನವಾಗಿ ಇಳಿಯಿತು. ಅದರ ಲಾಭ ನನಗೆ ಸಿಕ್ಕಿತು, ನಾನು ಇನ್ನೂ ಬಹಳ ಹೊತ್ತು ಮಾತಾಡಿದೆ.

ಸುಮಿತ್ರಳ ಸರದಿ ಬಂದಾಗ ಅವಳು ಫಿಲ್ಟರಿನ ಕಡೆ ನೋಡಲೂ ಇಲ್ಲ. ‘ನನಗೆ ಜನ ಬರಬಾರ್ದು ಅಂತೇನಿಲ್ಲ. ವಾರ ಪೂರ್ತಿ ಟ್ರೇನು, ಸಬ್‌ವೇ, ಲ್ಯಾಬು. ಶನಿವಾರ ಲಾಂಡ್ರಿ, ಗ್ರೋಸರಿ, ಇವಳ ಡ್ಯಾನ್ಸ್ ಕ್ಲಾಸು. ಭಾನುವಾರ ಒಂದಾದ್ರೂ ನಂದು ಅಂತ ಇರ್ಲಿ. ಅಷ್ಟೇ ನಾನು ಕೇಳೋದು’ ಎಂದಳು. ಅವಳ ಮಾತು ಮುಗಿದಾಗ ಕೆಳಗಿನ ಬಟ್ಟಲಿಗೆ ನಾಲ್ಕು ಹನಿ ಕೂಡ ಬಿದ್ದಿರಲಿಲ್ಲ.  

ಆದರೂ ಧೈರ್ಯವಿತ್ತು. ಹೆಂಡತಿಯ ಓಟು ಹೋಯಿತೆನ್ನಿ. ಮಗಳು ತಂದೆಯ ಪಕ್ಷ. ಅಮ್ಮನ ಓಟಿನ ಬಗ್ಗೆ ಯೋಚಿಸುವುದೇ ಪಾಪ, ಹೆತ್ತ ಕರುಳು ತಾನೇ! ಗರಾಜಿನಲ್ಲಿ ಚಳಿಗೆ ಒಡೆದುಹೋಗಿದ್ದ ಮಣ್ಣಿನ ಹೂಕುಂಡದ ಚೂರುಗಳನ್ನು ಅನು ಎಲ್ಲರ ಕೈಗೂ ಕೊಟ್ಟು, ಮಾರ್ಕರ್ ಪೆನ್ನು ಕೊಟ್ಟು, ಒಬ್ಬೊಬ್ಬರನ್ನು ಮನೆಯ ಒಂದೊಂದು ಮೂಲೆಗೆ ಕಳಿಸಿದಳು. ನಾನು ದೊಡ್ಡ ಮನಸ್ಸು ಮಾಡಿ, ಯಾರನ್ನೂ ದೂರುವುದು ಬೇಡವೆಂದು ನನ್ನ ಚೂರನ್ನು ಖಾಲಿ ಬಿಟ್ಟೆ. ಅಷ್ಟರಲ್ಲಿ ಅಮ್ಮ ಮೆಲ್ಲಗೆ ನನ್ನ ಹತ್ತಿರ ಬಂದು ತಮ್ಮ ಚೂರನ್ನು ನನ್ನ ಕೈಗಿಟ್ಟರು. ‘ಸೀನು, ಕನ್ನಡಕ ಮೇಲೆ ಬಿಟ್ಬಂದಿದೀನಿ ಕಣೋ. ಇದರ ಮೇಲೆ ನೀನೇ ಒಂದು ಹೆಸರು ಬರ್ಕೊಡಪ್ಪ’ ಎಂದರು. ‘ಯಾರ ಹೆಸರಮ್ಮಾ?’ ಎಂದೆ. ‘ನಿಂದೇ’ ಎಂದರು.

ನಾನು ಅವರ ಮುಖ ನೋಡಿದೆ. ‘ನಾನೇನಮ್ಮಾ ಮಾಡಿದ್ದೆ?’ ಎಂದು ಕೇಳಿದಾಗ ನನ್ನ ದನಿ ಮಾರ್ಕು ಕಡಿಮೆ ಬಂದ ಹುಡುಗನ ದನಿಯಂತಿತ್ತು. ಅಮ್ಮ ಸೆರಗು ಹೊದ್ದುಕೊಂಡು, ‘ಏನೂ ಮಾಡಿಲ್ಲ, ಅದೇ ಕಷ್ಟ. ಬಂದವರೆಲ್ಲ ನನ್ನ ಹತ್ರ ಕೂತು, ನಿಮ್ಮ ಮಗ ಎಂಥಾ ಅನ್ನದಾನಿ, ಎಂಥಾ ದೊಡ್ಡ ಮನಸ್ಸು ಅಂತಾರೆ. ಕೇಳಿ ಕೇಳಿ ಸಾಕಾಗಿದೆ ಕಣೋ. ಅನ್ನ ಬೇಯಿಸಿದೋಳು ಒಳಗೆ ಸೊಂಟ ಹಿಡ್ಕೊಂಡು ನಿಂತಿರ್ತಾಳೆ. ಬರಿ, ಬರಿ, ಡಿಕಾಕ್ಷನ್ ಆರೋಗುತ್ತೆ’ ಎಂದರು. ನಾನು ಬರೆದೆ. ನನ್ನ ಹೆಸರನ್ನು ಅಷ್ಟು ಗುಂಡಾಗಿ ನಾನು ಯಾವ ಕಾಗದದ ಮೇಲೂ ಬರೆದಿರಲಿಲ್ಲ.

ಎಣಿಕೆ ಬೇಗ ಮುಗಿಯಿತು. ಒಂದು ಚೂರು ಖಾಲಿ, ಉಳಿದ ಎಲ್ಲದರ ಮೇಲೂ ನಾನೇ. ‘ಸಾರಿ ಅಪ್ಪಾ, ಇಟ್ಸ್ ಫಾರ್ ಸ್ಕೂಲ್’ ಎಂದಳು ತಂದೆಯ ಪಕ್ಷದವಳು. ಸುಮಿತ್ರ ಒಂದು ಚೂರನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ‘ಇದು ನಿಮ್ಮ ಅಕ್ಷರ ಅಲ್ವೇನ್ರೀ? ನಿಮಗೆ ನೀವೇ ಓಟು ಹಾಕ್ಕೊಂಡ್ರಾ?’ ಎಂದಳು. ಮತದಾನ ಗುಪ್ತವಾದದ್ದು, ತಾಯಿಯನ್ನು ಬಿಟ್ಟುಕೊಡುವಂತಿರಲಿಲ್ಲ. ನಾನು ತಲೆ ತಗ್ಗಿಸಿದೆ. ಅವಳ ಕಣ್ಣು ಮೆತ್ತಗಾದದ್ದು ನನಗೆ ಕಾಣಿಸಿತು. ಗಂಡನಿಗೆ ಕೊನೆಗೂ ತಾನಾಗಿಯೇ ಬುದ್ಧಿ ಬಂತೆಂದು ಅವಳು ತಿಳಿದಳು, ಆ ಕೀರ್ತಿಯನ್ನು ನಾನು ಬೇಡವೆನ್ನಲಿಲ್ಲ. ಅಮ್ಮ ಮಾತ್ರ ಏನೂ ಗೊತ್ತಿಲ್ಲದವರಂತೆ ಎಲ್ಲರಿಗೂ ಕಾಫಿ ಬೆರೆಸಿದರು. ಅಥೆನ್ಸಿನಲ್ಲೂ ಒಬ್ಬ ದೊಡ್ಡ ಮನುಷ್ಯನಿಗೆ ಥೇಟ್ ಹೀಗೆಯೇ ಆಗಿತ್ತಂತೆ. ಅಕ್ಷರ ಬಾರದ ಹಳ್ಳಿಯವನೊಬ್ಬ, ಎದುರಿಗಿರುವುದು ಯಾರೆಂದು ತಿಳಿಯದೆ ಅವನ ಕೈಯಲ್ಲೇ ಅವನ ಹೆಸರು ಬರೆಸಿದನಂತೆ, ಅವನ ಹೊಗಳಿಕೆ ಕೇಳಿ ಕೇಳಿ ಸಾಕಾಯಿತೆಂದು. ಮರುದಿನ ರಾತ್ರಿಯ ಊಟದಲ್ಲಿ ಅನು ಪುಸ್ತಕದಿಂದ ಇದನ್ನು ಓದಿ ಹೇಳಿದಾಗ ಸಾರು ನನ್ನ ನೆತ್ತಿಗೇರಿತು. ಆ ಹಳ್ಳಿಯವನಿಗೆ ಅವನು ಯಾರೆಂದು ಗೊತ್ತಿರಲಿಲ್ಲ, ನಮ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ವ್ಯತ್ಯಾಸ ಅಷ್ಟೇ.

ಅನು ಹತ್ತು ವರ್ಷವೆಂದು ಹಟ ಹಿಡಿದಿದ್ದಳು. ‘ಹತ್ತು ವರ್ಷ ಯಾಕೆ ಪುಟ್ಟಿ, ಪಾಪ, ಯುಗಾದಿ ತನಕ ಸಾಕು, ಒಬ್ಬಟ್ಟಿಗೆ ಬರ್ಲಿ’ ಎಂದು ಅಮ್ಮ ಶಿಕ್ಷೆ ಇಳಿಸಿದರು. ಅದರಂತೆ ಪ್ರತಿ ಭಾನುವಾರ ಬೆಳಗಿನ ಕಾಫಿಯಾದ ಮೇಲೆ ನಾನು ಮನೆ ಬಿಡಬೇಕು, ದೀಪ ಹಚ್ಚುವ ಹೊತ್ತಿಗೆ ಬರಬಹುದು, ಬರುವಾಗ ಜೊತೆಯಲ್ಲಿ ಯಾರನ್ನೂ ಕರೆತರಬಾರದು ಎಂದು ತೀರ್ಮಾನವಾಯಿತು. ಮೊದಲ ಭಾನುವಾರ ಮಾರಿಸ್‌ಟೌನಿನ ಮಧ್ಯದ ಹುಲ್ಲುಮೈದಾನದಲ್ಲಿ ಬೆಂಚಿನ ಮೇಲೆ ಕೂತೆ. ಕಿವಿ ಉದುರಿಬೀಳುವಂಥ ಚಳಿ. ಅಥೆನ್ಸಿನ ಗಡೀಪಾರಿನವರಿಗೆ ಮೆಡಿಟರೇನಿಯನ್ ಸಮುದ್ರದ ಬಿಸಿಲಿತ್ತು ಎಂದು ಅಸೂಯೆಯಾಯಿತು. ಮುಂದಿನ ವಾರದಿಂದ ಪಬ್ಲಿಕ್ ಲೈಬ್ರರಿ ಸೇರಿದೆ. ಅಲ್ಲಿ ಗ್ರೀಕರ ಬಗ್ಗೆ ನಾನು ಓದಿದಷ್ಟು ಅನುವಿನ ಟೀಚರೂ ಓದಿರಲಿಕ್ಕಿಲ್ಲ.

ಒಂದು ಭಾನುವಾರ ತಡೆಯಲಾಗದೆ ಓಕ್ ಟ್ರೀ ರೋಡಿಗೆ ಹೋದೆ. ಬದನೆಕಾಯಿಯ ರಾಶಿಯ ಬಳಿ ಒಂದು ಜೋಡಿ ಅಪ್ಪಟ ಮೈಸೂರು ಕನ್ನಡದಲ್ಲಿ ಜಗಳವಾಡುತ್ತಿತ್ತು. ನನ್ನ ಬಾಯಿ ತೆರೆಯಿತು, ಶಿಕ್ಷೆ ನೆನಪಾಗಿ ಮುಚ್ಚಿತು, ಮತ್ತೆ ತೆರೆಯಿತು. ‘ಆ ಮನುಷ್ಯ ಯಾಕೋ ನಮ್ಮನ್ನೇ ನೋಡ್ತಿದಾನೆ ರೀ, ಬನ್ನಿ ಹೋಗೋಣ’ ಎಂದು ಆ ಹೆಣ್ಣುಮಗಳು ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ಹೀರೆಕಾಯಿಯೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ ನನ್ನ ಬೆನ್ನಿನ ಮೇಲೆ ಯಾರೋ ತಟ್ಟಿದರು. ಕುಲಕರ್ಣಿ! ಸಂಗತಿ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ನೀವು ಕರದಾಗ ನಾವು ಬಂದಿಲ್ಲೇನು? ಈಗ ನೀವ ಬರ್ರಿ. ಗಡೀಪಾರಾದವ್ರಿಗೆ ಊಟ ಹಾಕಿದ್ರ ಪುಣ್ಯ ಬರ್ತದ’ ಎಂದು ಎಡಿಸನ್ನಿನ ತಮ್ಮ ಮನೆಗೆ ಕರೆದುಕೊಂಡು ಹೋದರು.

ಅವರ ಹೆಂಡತಿ ಶಾಂತಾ ಜೋಳದ ರೊಟ್ಟಿ ಬಡಿಯುತ್ತಾ ಕೇಳಿದ ಮೊದಲ ಮಾತು, ‘ಸುಮಿತ್ರಾ ಅಕ್ಕಾರು ಆರಾಮ ಇದ್ದಾರೇನ್ರಿ?’ ಎಂದು. ನಮ್ಮ ಮನೆಯ ಊಟದ ದಿನ ನಾನು ಹೇಳಿದ ಅಮೂಲ್ಯ ವಿಚಾರಗಳು ಏನಾದರೂ ನೆನಪಿವೆಯೇ ಎಂದು ನಾನು ಕೆದಕಿ ನೋಡಿದೆ. ಒಂದೂ ಇರಲಿಲ್ಲ. ಶಾಂತಾ ಹೇಳಿದರು: ‘ಅವತ್ತ ನಾ ಬಸುರಿ ಇದ್ದೆ ನೋಡ್ರಿ. ಈ ದೇಶಕ್ಕ ಬಂದು ತಿಂಗಳಾಗಿದ್ದಿಲ್ಲ, ಯಾರಿಗೂ ಹೇಳಿದ್ದಿಲ್ಲ. ಅಕ್ಕಾರು ನನ್ನ ಮಾರಿ ನೋಡೇ ತಿಳ್ಕೊಂಡ್ರು. ಅಡಗಿಮನ್ಯಾಗ ಕೂಡಿಸ್ಕೊಂಡು ಎಲ್ಲಾ ಕೇಳಿದ್ರು. ಡಾಕ್ಟರ ಹಂತ್ಯಾಕ ಮೊದಲ್ನೇ ಸಲ ಅವ್ರ ಕರ್ಕೊಂಡ್ ಹೋದ್ರು, ಕೆಲಸಕ್ಕ ರಜಾ ಹಾಕಿ. ಈಗೂ ಫೋನ್ ಮಾಡ್ತಾರ. ನನಗ ಇಲ್ಲೆ ತವರುಮನಿ ಅಂದ್ರ ಅದ ನೋಡ್ರಿ.’ ಅವರ ಮಗು ನೆಲದ ಮೇಲೆ ಕೂತು ಚಮಚದಿಂದ ಪಾತ್ರೆ ಬಡಿಯುತ್ತಿತ್ತು. ಅದು ತೊಟ್ಟಿದ್ದ ನೀಲಿ ಸ್ವೆಟರನ್ನು ಸುಮಿತ್ರ ರಾತ್ರಿ ಹೊತ್ತು ಹೆಣೆಯುತ್ತಿದ್ದುದು ನನಗೆ ನೆನಪಾಯಿತು. ಅದು ಯಾರಿಗೆಂದು ನಾನು ಕೇಳಿರಲೇ ಇಲ್ಲ.

 ನಾನು ಸೋಫಾದ ಮೇಲೆ ಕೂತು ಅತಿಥಿಸತ್ಕಾರದ ಬಗ್ಗೆ ಉಪನ್ಯಾಸ ಮಾಡುತ್ತಿದ್ದಾಗ ನಿಜವಾದ ಸತ್ಕಾರ ಗೋಡೆಯ ಆಚೆ ನಡೆಯುತ್ತಿತ್ತು. ಇಂಥವಳ ಜೊತೆ ಒಂದೇ ಮನೆಯಲ್ಲಿರುವ ಭಾಗ್ಯ ನನಗೆ ಹೇಗೆ ಒದಗಿತೋ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಮನೆಗೆ ಬಂದ ಮೇಲೆ ಅವಳಿಗೆ ಅದನ್ನು ಹೇಳಬೇಕೆಂದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಮಾತಿನ ಮಲ್ಲನೆಂದು ಹೆಸರು ಪಡೆದವನಿಗೆ ಆಗ ಹೊರಟ ಮಾತು, ‘ಸಾರು ಬಹಳ ಚೆನ್ನಾಗಿದೆ’ ಎಂಬುದೊಂದೇ. ‘ನೀವಿನ್ನೂ ತಿಂದೇ ಇಲ್ವಲ್ರೀ’ ಎಂದಳು.

ಯುಗಾದಿ ಹತ್ತಿರವಾಗುತ್ತಿದ್ದ ಒಂದು ಭಾನುವಾರ. ಪರ್ಷಿಯನ್ನರು ದಂಡೆತ್ತಿ ಬಂದಾಗ ಅಥೆನ್ಸಿನವರು ಗಡೀಪಾರಾದವರನ್ನೆಲ್ಲ ವಾಪಸು ಕರೆಸಿಕೊಂಡರೆಂದು ಲೈಬ್ರರಿಯಲ್ಲಿ ಓದುತ್ತಿದ್ದೆ. ಸ್ನೋ ಜೋರಾಗುತ್ತದೆಂದು ಲೈಬ್ರರಿ ಬೇಗ ಮುಚ್ಚಿದರು. ಮನೆಯ ಹತ್ತಿರ ಬಂದು ನೋಡಿದರೆ ಡ್ರೈವ್‌ವೇ ತುಂಬ ಕಾರುಗಳು.  ಯಾರಾದರೂ ಹೇಳದೆ ಕೇಳದೆ ನುಗ್ಗಿದ್ದಾರೆ, ಪಾಪ ಸುಮಿತ್ರ ಒಬ್ಬಳೇ ಒದ್ದಾಡುತ್ತಿದ್ದಾಳೆ, ಈಗಲಾದರೂ ನಾನು ಬೇಕೇಬೇಕು ಎಂದುಕೊಂಡು ಕಾರನ್ನು ರಸ್ತೆಯಲ್ಲೇ ಬಿಟ್ಟು ಓಡಿದೆ. ಕಿಟಕಿಯಿಂದ ಒಳಗೆ ಕಂಡಿತು: ಕುಲಕರ್ಣಿ ಸೊಂಟಕ್ಕೆ ಟವೆಲು ಸುತ್ತಿಕೊಂಡು ಒಲೆಯ ಮುಂದೆ ಬೋಂಡ ಕರಿಯುತ್ತಿದ್ದರು. ಯಾರೋ ಇಬ್ಬರು ಗಂಡಸರು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದರು. ಅಮ್ಮ ಶಾಂತಾಳ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಮೇಜಿನ ಮೇಲೆ ಬೇರೆ ಬೇರೆ ಮನೆಗಳ ಡಬ್ಬಿಗಳು. ಸೋಫಾದಲ್ಲಿ ನಾನು ಯಾವಾಗಲೂ ಕೂರುವ ಜಾಗದಲ್ಲಿ ಸುಮಿತ್ರ ಕಾಲು ಮಡಿಚಿ ಕೂತು, ಕೈ ಆಡಿಸುತ್ತಾ ಏನೋ ಕಥೆ ಹೇಳುತ್ತಿದ್ದಳು, ಸುತ್ತ ಕೂತವರು ಬಿದ್ದು ಬಿದ್ದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಇವರನ್ನೆಲ್ಲ ಕರೆದವಳು ಅವಳೇ ಎಂದು ನನಗೆ ಆಗ ಅರ್ಥವಾಯಿತು. ತನ್ನ ಭಾನುವಾರವನ್ನು ಅವಳು ತನಗೆ ಬೇಕಾದ ಹಾಗೆ ಖರ್ಚು ಮಾಡುತ್ತಿದ್ದಳು.

ಬಾಗಿಲು ತಟ್ಟಿದೆ. ನಾನೆಂದೂ ನೋಡಿರದ ಒಬ್ಬ ಹುಡುಗಿ ತೆರೆದಳು, ಈಚೆಗೆ ಮದುವೆಯಾಗಿ ಬಂದವಳಿರಬೇಕು. ‘ಬನ್ನಿ ಅಂಕಲ್, ಸಂಕೋಚ ಪಟ್ಕೋಬೇಡಿ, ನಿಮ್ಮ ಮನೆ ಅಂದ್ಕೊಳ್ಳಿ. ಶೂ ಅಲ್ಲಿ ಬಿಡಿ’ ಎಂದು ಹೇಳಿ, ಸ್ನೋ ಮೆತ್ತಿಕೊಂಡಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ತಾವು ಯಾರ ಕಡೆಯವರು?’ ಎಂದು ಕೇಳಿದಳು.

‘ಸುಮಿತ್ರಾ ಅವರ ಕಡೆಯವನು’ ಎಂದೆ.

‘ಓ, ಹಾಗಾದ್ರೆ ಒಳಗೆ ಬನ್ನಿ’ ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದಳು. ‘ಆದ್ರೆ ಆಂಟಿ ಮಾತಾಡ್ತಿದ್ದಾರೆ ಅಂಕಲ್, ಮಧ್ಯೆ ಬಾಯಿ ಹಾಕ್ಬೇಡಿ.’

ನಾನು ಶೂ ಬಿಚ್ಚಿ, ಸದ್ದಾಗದಂತೆ ಒಳಗೆ ಹೋಗಿ, ಮೂಲೆಯಲ್ಲಿ ಖಾಲಿಯಿದ್ದ ಮಡಿಸುವ ಕುರ್ಚಿಯ ಮೇಲೆ ಕೂತು, ನನ್ನ ಹೆಂಡತಿಯ ಮಾತನ್ನು ಕೊನೆಯವರೆಗೂ ಕೇಳಿದೆ.